ಕಪ್ಪು ದ್ರಾಕ್ಷಿಯ ಬಿಳಿ ಆಸವ

ನನಗೆ ಕೂತಲ್ಲಿ ಕೂತಿರಲು ಬರುವುದಿಲ್ಲ. ಈಗಲೂ ಇಲ್ಲ. ಅನ್ನಕ್ಕಿಟ್ಟರೆ ಮೂರು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಬಸ್ಸು ಹತ್ತು ನಿಮಿಷ ತಡವಾದರೆ ಮುಂದಿನ ಸ್ಟಾಪಿನವರೆಗೆ ನಡೆದುಬಿಡುವವಳು. ಅಳದಂಗಡಿಯ ನನ್ನ ತವರಿನಲ್ಲಿ ಅಜ್ಜಿ "ಇವಳ ಕಾಲಿಗೆ ಚಕ್ರ ಉಂಟು" ಅನ್ನುತ್ತಿದ್ದರು. ಅಂಥವಳನ್ನು ತಂದು ಮೂಡಬಿದ್ರೆಯ ಒಬ್ಬ ಪಂಡಿತರ ಮನೆಗೆ ಸೊಸೆ ಮಾಡಿದರು. ಆ ಮನೆಯ ಕಸುಬೇ ಕಾಯುವುದು. ಕಷಾಯ ಕುದಿದು ಕಾಲು ಪಾಲಿಗೆ ಇಳಿಯುವವರೆಗೆ ಕಾಯಬೇಕು, ಎಣ್ಣೆ ಹದಕ್ಕೆ ಬರುವವರೆಗೆ ಕಾಯಬೇಕು, ಆಸವಕ್ಕೆ ಅಂತೂ ಭರಣಿಯ ಬಾಯಿ ಮುಚ್ಚಿ ನಲವತ್ತೊಂದು ದಿನ ಕಾಯಬೇಕು. ಮದುವೆ ಮಾಡಿಸಿದವರು ಎಂತ ಯೋಚನೆ ಮಾಡಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪಂಡಿತರು ಅಂದರೆ ನನ್ನ ಮಾವ. ಅತ್ತೆ ನಾನು ಬರುವ ಮೊದಲೇ ಹೋಗಿದ್ದರು. ಗಂಡನಿಗೆ ಬೆಳ್ತಂಗಡಿಯಲ್ಲಿ ಸರ್ಕಾರಿ ಆಫೀಸಿನ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬರುವುದು. ಹಗಲೆಲ್ಲ ಮನೆಯಲ್ಲಿ ನಾನು, ಎರಡು ವರ್ಷದ ಮಗಳು, ಮಾವ, ಮತ್ತು ಮಾವನ ಮದ್ದಿನ ಕೋಣೆ. ಜಗಲಿಯ ಪಕ್ಕದ ಆ ಕೋಣೆಯಲ್ಲಿ ನನ್ನ ಎದೆಯವರೆಗೆ ಬರುವ ಏಳು ಭರಣಿಗಳಿದ್ದವು. ಬಾಗಿಲು ತೆರೆದರೆ ಸಾಕು, ಲವಂಗ, ಜೇನು, ಹಳೆ ಮರ, ಹುಳಿ ಬಂದ ಹಣ್ಣು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬರುತ್ತಿತ್ತು. ಆ ವಾಸನೆ ನನಗೆ ಹುಚ್ಚು ಹಿಡಿಸಿತ್ತು. ಅಡಿಗೆಮನೆಯಲ್ಲಿ ನಿಲ್ಲದ ಕಾಲು ಆ ಬಾಗಿಲ ಹತ್ತಿರ ಮಾತ್ರ ನಿಲ್ಲುತ್ತಿತ್ತು.

ಮಾವ ಆಸವ ಪರೀಕ್ಷೆ ಮಾಡುವ ಕ್ರಮ ಊರಿಗೇ ಪ್ರಸಿದ್ಧ. ಬಿಳಿ ಪಿಂಗಾಣಿ ಬಟ್ಟಲಿಗೆ ನಾಲ್ಕು ಚಮಚ ಬಗ್ಗಿಸಿಕೊಂಡು ಕಿಟಕಿಯ ಬೆಳಕಿಗೆ ಹೋಗುವುದು, ಬಟ್ಟಲನ್ನು ಆಚೆ ಈಚೆ ವಾಲಿಸುವುದು, ನೋಡುವುದು. ಆಮೇಲೆ "ಆಯಿತು" ಅಥವಾ "ಇನ್ನು ಮೂರು ದಿನ ಇರಲಿ." ಅಷ್ಟೇ. ಬಂದವರು ಹೊರಗೆ ಹೋಗಿ, "ಪಂಡಿತರು ನಾಲಿಗೆಗೆ ಕೂಡ ತಾಗಿಸುವುದಿಲ್ಲ ಮಾರಾಯ್ರೆ, ನೋಡಿಯೇ ಹೇಳ್ತಾರೆ" ಅನ್ನುವುದು. ನನಗೂ ಅದರಲ್ಲಿ ಹೆಮ್ಮೆ ಇತ್ತು. ಮದ್ದು ಕೊಟ್ಟ ಮೇಲೆ ರೋಗಿಯ ಮುಖವನ್ನೇ ನೋಡುತ್ತಾ ಅವರು ಒಂದು ಮಾತು ಕೇಳುತ್ತಿದ್ದರು: "ಹೇಗುಂಟು?" ರೋಗಿ ಕಹಿ ಉಂಟು, ಸಿಹಿ ಉಂಟು ಅಂತ ಏನಾದರೂ ಹೇಳುವವರೆಗೆ ಬಿಡುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಅವರಷ್ಟು ಸುಲಭದ ಮನುಷ್ಯ ಇಲ್ಲ. ನನ್ನ ಗಡಿಬಿಡಿಯಲ್ಲಿ ಹಾಲು ಎಷ್ಟು ಸಲ ತಳ ಹಿಡಿದಿದೆ, ಲೆಕ್ಕವಿಲ್ಲ. ಗಂಡನಾದರೆ ಲಾಯ್ಕುಂಟು ಅನ್ನುತ್ತಲೇ ಲೋಟವನ್ನು ಮೆಲ್ಲಗೆ ಆಚೆ ದೂಡುತ್ತಿದ್ದರು. ಮಾವ ಒಂದು ಮಾತಾಡದೆ ಕುಡಿದು ಲೋಟ ಕವುಚಿಡುತ್ತಿದ್ದರು. ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನವೂ ಹಾಗೆಯೇ. ನನ್ನ ಮೇಲೆ ಕನಿಕರ ಅಂತ ಮೊದಮೊದಲು ಅಂದುಕೊಂಡೆ. ಆಮೇಲೆ ಆಮೇಲೆ ಅನುಮಾನ ಬಂತು, ಇವಳಿಗೆ ಹೇಳಿ ಏನು ಪ್ರಯೋಜನ ಅಂತ ಬಿಟ್ಟಿದ್ದಾರೆ ಅಂತ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಶಿವರಾತ್ರಿ ಕಳೆದ ಮೇಲೆ ಮಾವ ಊಟದ ಹೊತ್ತಿನಲ್ಲಿ ಹೇಳಿದರು, ಇನ್ನು ಮದ್ದಿನ ಕೋಣೆ ಸಾಕು, ಮುಚ್ಚುವ. ಭರಣಿಗಳನ್ನು ಮೆಲ್ಕಾರಿನವರಿಗೆ ಕೊಡುವ. ಮೆಲ್ಕಾರಿನವರು ಅಂದರೆ ಮಾವನ ಒಬ್ಬ ದಾಯಾದಿ. ಅಲ್ಲಿ ರಸ್ತೆ ಬದಿಯಲ್ಲಿ ಅಂಗಡಿ ಇಟ್ಟುಕೊಂಡು ಉಪ್ಪಿನಕಾಯಿ, ಹಪ್ಪಳ ಮಾರುತ್ತಿದ್ದವರು. ನಮ್ಮ ಭರಣಿಗಳ ಮೇಲೆ ಅವರಿಗೆ ಬಹಳ ಕಾಲದಿಂದ ಕಣ್ಣು. ಆಸವ ಇಟ್ಟ ಭರಣಿಯಲ್ಲಿ ಮಾವಿನ ಮಿಡಿ.

"ಯಾಕೆ ಮುಚ್ಚುವುದು?" ಅಂದೆ.

"ವಯಸ್ಸಾಯಿತು."

"ನಾನು ಮಾಡ್ತೇನೆ."

ಗಂಡ ತಲೆ ಎತ್ತಿ ನನ್ನನ್ನು ನೋಡಿದರು. ಮಾವ ನೋಡಲಿಲ್ಲ. ಹೆಂಗಸು ಅಂತ ಬಾಯಿ ಬಿಟ್ಟು ಹೇಳದಿದ್ದರೂ ಅದೇ ಕಾರಣ ಅಂತ ನಾನು ನಿಶ್ಚಯ ಮಾಡಿಕೊಂಡೆ. ಅದರ ಮರುದಿನದಿಂದ ನಾನು ಬಿಡಲಿಲ್ಲ. ಕಾಫಿ ಕೊಡುವಾಗ ಕೇಳಿದೆ, ಅಂಗಳ ಗುಡಿಸುವಾಗ ಕೇಳಿದೆ, ಅವರು ಪೂಜೆಗೆ ಕೂತಾಗಲೂ ಬಾಗಿಲ ಹೊರಗೆ ನಿಂತು ಕೇಳಿದೆ. ಎಂಟು ದಿನ ತಡೆದುಕೊಂಡು ಒಂಬತ್ತನೇ ದಿನ ಅವರು ಹೇಳಿದರು:

"ಒಂದು ಭರಣಿ ಮಾಡು. ಬಾಣಂತಿಯರಿಗೆ ಕೊಡುವ ದ್ರಾಕ್ಷಾಸವ. ಅದು ಸರಿಯಾದರೆ ಬೀಗದ ಕೈ ನಿನಗೆ. ಇಲ್ಲದಿದ್ದರೆ ಮತ್ತೆ ನೀನು ಈ ಮಾತು ಎತ್ತಬಾರದು."

ಯಾವುದು ಎಷ್ಟು ಅಂತ ಒಂದೇ ಸಲ ಹೇಳಿದರು. ಕಪ್ಪು ದ್ರಾಕ್ಷಿ, ಕಲ್ಲುಸಕ್ಕರೆ, ಜೇನು, ಹುಳಿ ಬರಿಸಲಿಕ್ಕೆ ಧಾತಕಿ ಹೂವು, ಬಟ್ಟೆಯ ಗಂಟಿನಲ್ಲಿ ಲವಂಗ, ಏಲಕ್ಕಿ, ಜಾಯಿಕಾಯಿ. "ನಾನು ಒಳಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಮಾಸ್ಟ್ರು ಪಕ್ಕ ನಿಂತರೆ ಅದು ಪರೀಕ್ಷೆ ಆಗುವುದಿಲ್ಲ" ಅಂದರು.

ದ್ರಾಕ್ಷಿಗೆ ನಾನೇ ಬಂಟ್ವಾಳಕ್ಕೆ ಹೋದೆ. ಘಟ್ಟದ ಮೇಲಿನಿಂದ ಬರುವ ಲಾರಿ ಪೇಟೆಯಲ್ಲಿ ಇಳಿಸುತ್ತಿತ್ತು, ಬೆಂಗಳೂರಿನ ಕಪ್ಪು ದ್ರಾಕ್ಷಿ, ದಪ್ಪ ಸಿಪ್ಪೆಯದ್ದು. ನಮ್ಮ ಕಡೆ ಅದನ್ನು ಬುಟ್ಟಿಗಟ್ಟಲೆ ಒಯ್ಯುವವರು ಕ್ರಿಸ್ಮಸ್ಸಿಗೆ ವೈನ್ ಹಾಕುವವರು ಮಾತ್ರ. ಎರಡು ಬುಟ್ಟಿ ಹಿಡಿದುಕೊಂಡು ಸಿದ್ದಕಟ್ಟೆ ದಾರಿಯ ಬಸ್ಸು ಹತ್ತಿದರೆ ಕಂಡಕ್ಟರ್, "ಅಕ್ಕ, ಕ್ರಿಸ್ಮಸ್ ಹೋಗಿ ಎಷ್ಟೋ ದಿನ ಆಯ್ತಲ್ಲ. ಈಗ ಯಾರಿಗೆ ಸಪ್ಲೈ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. "ನಿನ್ನ ಹೆಂಡತಿಯ ಬಾಣಂತನಕ್ಕೆ" ಅಂದೆ. ಮೂಡಬಿದ್ರೆಯವರೆಗೆ ಅವನು ಮತ್ತೆ ಬಾಯಿ ಬಿಡಲಿಲ್ಲ.

ಇನ್ನು ನಾನು ಮಾಡಿದ ಕೆಲಸ. ನನ್ನ ತವರಿನಲ್ಲಿ ಕಾಯಿಲೆಯವರಿಗೆ, ಬಾಣಂತಿಯರಿಗೆ ಸಿಪ್ಪೆಯ ಸಮೇತ ಒಂದು ಹಣ್ಣು ಕೊಡುವ ಕ್ರಮ ಇಲ್ಲ. ಸಿಪ್ಪೆ ವಾಯು, ಮೊಲೆ ಕುಡಿಯುವ ಮಗುವಿಗೆ ಹೊಟ್ಟೆನೋವು. ನನ್ನ ಮಗಳು ಹುಟ್ಟಿದಾಗ ಅಜ್ಜಿ ಉಗುರಿನಿಂದ ಒಂದೊಂದೇ ದ್ರಾಕ್ಷಿ ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದರು. ಆಸವ ಕುಡಿಯುವುದು ಯಾರು? ಬಾಣಂತಿಯರು. ಅಂದ ಮೇಲೆ ಸಿಪ್ಪೆ ಹಾಕುವುದು ಹೇಗೆ? ಮಾವ ಸಿಪ್ಪೆಯ ಮಾತೇ ಎತ್ತಿರಲಿಲ್ಲ. ಹೇಳುವುದೇ ಬೇಡ, ಅಷ್ಟು ಗೊತ್ತಿಲ್ಲದವಳಾ ಇವಳು ಅಂತ ಬಿಟ್ಟಿರಬೇಕು ಅಂದುಕೊಂಡೆ. ಚಾಪೆ ಹಾಸಿ ಕೂತೆ. ಆ ದ್ರಾಕ್ಷಿಯ ಗುಣ ಏನೆಂದರೆ, ಎರಡು ಬೆರಳಿನಲ್ಲಿ ಒತ್ತಿದರೆ ಒಳಗಿನ ತಿರುಳು ಪುಳಕ್ಕನೆ ಹಾರಿ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎರಡು ಬುಟ್ಟಿ ದ್ರಾಕ್ಷಿ, ಒಂದೊಂದಾಗಿ. ಹತ್ತು ನಿಮಿಷ ಕೂತಿರಲಾರದ ನಾನು ಬೆಳಗಿನಿಂದ ಸಂಜೆವರೆಗೆ ಎರಡು ದಿನ ಹಾಗೆ ಕೂತೆ. ನನ್ನ ಜೀವನದಲ್ಲಿ ಅಷ್ಟು ತಾಳ್ಮೆಯಿಂದ ಮಾಡಿದ ಕೆಲಸ ಅದೊಂದೇ, ಮತ್ತು ಎಡವಟ್ಟು ಆದದ್ದೂ ಅದೇ. ಸಿಪ್ಪೆಯನ್ನೆಲ್ಲ ದನಕ್ಕೆ ಹಾಕಿದೆ. ಅದರ ಮೂತಿಯೂ ನನ್ನ ಕೈಯೂ ಒಂದೇ ಬಣ್ಣ, ಕಡು ನೇರಳೆ. ವಾರ ತೊಳೆದರೂ ಹೋಗಲಿಲ್ಲ. ಆ ಕೈ ನೋಡಿ ಮಾವನೂ ಸೇರಿ ಎಲ್ಲರೂ ಆಸವಕ್ಕೆ ಒಳ್ಳೆಯ ಬಣ್ಣ ಬಂದೀತು ಅಂದುಕೊಂಡರು.

ಭರಣಿಯ ಬಾಯಿಗೆ ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಉಮಿಯ ರಾಶಿಯಲ್ಲಿ ಕುತ್ತಿಗೆವರೆಗೆ ಹೂತಿಟ್ಟೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಫಜೀತಿ. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ತಿರುಗಾಡಿದೆ. ಮೊದಲ ವಾರ ಕಿವಿ ಇಟ್ಟರೆ ಒಳಗೆ ಸುಂಯ್ ಅಂತ ಸಣ್ಣ ಸದ್ದು. ಎರಡನೇ ವಾರ ಸದ್ದು ನಿಂತಿತು. ಸತ್ತು ಹೋಯಿತಾ? ಕೇಳುವ ಹಾಗಿಲ್ಲ, ಪರೀಕ್ಷೆ. ತೆರೆಯುವ ಹಾಗಿಲ್ಲ, ಗಾಳಿ ತಾಗಿದರೆ ಹುಳಿದು ಕೆಡುತ್ತದೆ. ಒಂದು ದಿನ ತಡೆಯಲಾಗದೆ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಪೊಳಲಿಗೆ ಹೋದೆ, ದೇವಿಯ ಎದುರು ನಿಂತೆ. ಏನು ಬೇಡಿಕೊಂಡೆ ಅಂತ ಕೇಳಿದರೆ ನಗ್ತೀರಿ. ಭರಣಿಯ ಒಳಗೆ ಎಂತ ಆಗ್ತಾ ಉಂಟು ಅಂತ ಒಂದು ಸಲ ತೋರಿಸು ಅಂದೆ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಕೈ ನೋಯುತ್ತಿತ್ತು. ಗಂಡ ಹೇಳಿದರು, "ಭರಣಿಯಲ್ಲಿ ಇರುವುದು ದ್ರಾಕ್ಷಿಯಾ, ನೀನಾ?"

ನಲವತ್ತೊಂದನೇ ದಿನ ಬೆಳಿಗ್ಗೆ ಮಾವ ಸ್ನಾನ ಮಾಡಿ ಒಳಗೆ ಬಂದರು. ನಾನೇ ಬಟ್ಟೆ ಬಿಚ್ಚಿದೆ. ಬಿಚ್ಚಿದ ಕೂಡಲೇ ಕೋಣೆ ತುಂಬ ಪರಿಮಳ. ನನಗೆ ಅಲ್ಲಿಯೇ ಕುಣಿಯುವ ಹಾಗಾಯಿತು. ಮಾವ ಬಿಳಿ ಬಟ್ಟಲಿಗೆ ಬಗ್ಗಿಸಿಕೊಂಡು ಕಿಟಕಿಗೆ ಹೋದರು. ವಾಲಿಸಿದರು. ಮತ್ತೆ ವಾಲಿಸಿದರು.

ಬಟ್ಟಲಲ್ಲಿ ಇದ್ದದ್ದು ಬಿಳಿ. ಬಿಳಿ ಅಂದರೆ ಹಾಲಿನ ಬಿಳಿ ಅಲ್ಲ. ಕುಚ್ಚಲಕ್ಕಿ ಗಂಜಿಯ ಮೇಲೆ ನಿಲ್ಲುವ ತಿಳಿಗೆ ಒಂದು ತೊಟ್ಟು ಜೇನು ಬಿದ್ದರೆ ಹೇಗೆ, ಹಾಗೆ. ಉಳಿದ ಆರು ಭರಣಿಗಳಲ್ಲಿ ಇದ್ದ ಆಸವ ಕಪ್ಪು ಕೆಂಪು, ಬಟ್ಟಲಿನ ತಳ ಕಾಣದಷ್ಟು. ನನ್ನದರಲ್ಲಿ ಬಟ್ಟಲಿನ ತಳದ ಸಣ್ಣ ಬಿರುಕೂ ಕಾಣುತ್ತಿತ್ತು.

"ನೀರು ಹಾಕಿದ್ದೀಯಾ?" ಅಂದರು ಮಾವ.

ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆಸವಕ್ಕೆ ನೀರು ಹಾಕುವವನು ಬಾಣಂತಿಗೆ ಮೋಸ ಮಾಡುವವನು. "ಒಂದು ಹನಿ ಹಾಕಿಲ್ಲ. ಕುಡಿದು ನೋಡಿ" ಅಂದೆ. ಅವರು ಕುಡಿಯಲಿಲ್ಲ. "ಕುಡಿದು ನೋಡಿ, ನೋಡಿಯಾದರೂ ಬೈಯಿರಿ" ಅಂದೆ, ಈ ಸಲ ಸ್ವಲ್ಪ ಜೋರಾಗಿ. ಬಟ್ಟಲನ್ನು ಕಿಟಕಿಯ ದಂಡೆಯಲ್ಲಿಟ್ಟು, "ಬಣ್ಣ ಇಲ್ಲದ್ದನ್ನು ನಾನು ಯಾರಿಗೂ ಕೊಡುವುದಿಲ್ಲ" ಅಂತ ಹೊರಗೆ ನಡೆದರು. ಬೀಗದ ಕೈ ಅವರ ಸೊಂಟದ ದಾರದಲ್ಲೇ ಇತ್ತು.

ನಾನು ಕುಡಿದೆ. ರುಚಿಯಾಗಿತ್ತು. ಲವಂಗ, ಏಲಕ್ಕಿ, ಜೇನು, ಎಲ್ಲದರ ಹಿಂದೆ ದ್ರಾಕ್ಷಿ. ಸಂಜೆ ಗಂಡನಿಗೆ ಕೊಟ್ಟೆ. "ಲಾಯ್ಕುಂಟು" ಅಂದರು. ಆದರೆ ಅವರು ನಾನು ಮಾಡಿದ ಎಲ್ಲದಕ್ಕೂ ಜಗಳ ಬೇಡವೆಂದು ಲಾಯ್ಕುಂಟು ಅನ್ನುವವರು. ಅವರ ಸಾಕ್ಷಿ ಯಾರಿಗೆ ಬೇಕು? ಆ ಮುದುಕ ಒಂದು ಹನಿ ನಾಲಿಗೆಗೆ ಹಾಕದೆ ನನ್ನನ್ನು ಕಳ್ಳಿ ಮಾಡಿದ್ದು ಮಾತ್ರ ಮುಳ್ಳಿನ ಹಾಗೆ ಒಳಗೆ ಕೂತಿತು. ಹೌದು, ಆಗ ಮುದುಕ ಅಂತಲೇ ಅಂದುಕೊಂಡೆ.

ಎರಡು ದಿನ ಕಳೆದು ಜಪಾನಿನವರು ಬಂದರು. ಅವರ ವಿಷಯ ಹೇಳಬೇಕು. ಮೂಡಬಿದ್ರೆಯ ಬಸದಿಯ ತಾಡೋಲೆಗಳನ್ನು ಓದಲಿಕ್ಕೆ ಬಂದ ಜಪಾನಿನ ವಿದ್ವಾಂಸರೊಬ್ಬರು ಆ ವರ್ಷ ನಮ್ಮ ಬೀದಿಯ ಕೊನೆಯಲ್ಲಿ ಕೋಣೆ ಹಿಡಿದು ಇದ್ದರು. ನಲವತ್ತರ ಪ್ರಾಯ, ತೆಳ್ಳಗೆ, ಬಿಸಿಲಿಗೆ ಕೆಂಪಾದ ಮೂಗು. ನಮ್ಮ ಊಟ ಹಿಡಿಸದೆ ಹೊಟ್ಟೆ ಕೆಟ್ಟು ಮಾವನ ಹತ್ತಿರ ಕಷಾಯಕ್ಕೆ ಬರುತ್ತಿದ್ದರು. ಕನ್ನಡ ಕಲಿತದ್ದು ಹಳೆಯ ಕಾವ್ಯಗಳಿಂದ. ನಮ್ಮ ಊರಿನವರು ಮನೆಯಲ್ಲಿ ತುಳು ಮಾತಾಡಿ ಕನ್ನಡ ಮಾತಾಡಬೇಕಾದರೆ ಶಾಲೆಯ ಪುಸ್ತಕ ಓದಿದ ಹಾಗೆ ಮಾತಾಡುವವರು. ಅವರದ್ದು ನಮಗಿಂತ ಒಂದು ಪುಸ್ತಕ ಹಳೆಯದು ಅಷ್ಟೇ. ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಮಾವ ಪೇಟೆಗೆ ಹೋಗಿದ್ದರು. ನಾನು ಜಗಲಿಯಲ್ಲಿ ಕೋಪದಿಂದ ಅಕ್ಕಿ ಕೇರುತ್ತಿದ್ದೆ. ಪಕ್ಕದಲ್ಲಿ ಲೋಟದಲ್ಲಿ ನನ್ನ ಆಸವ ಇತ್ತು. ದಿನಕ್ಕೆ ಹತ್ತು ಸಲ ಮೂಸಿ ನೋಡಿ, ಸರಿಯಾಗಿಯೇ ಉಂಟಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುವುದು ನನ್ನ ಕೆಲಸವಾಗಿತ್ತು. ಜಪಾನಿನವರು ಮೆಟ್ಟಿಲಲ್ಲೇ ನಿಂತುಬಿಟ್ಟರು. ಮೂಗು ಆಚೆ ಈಚೆ ತಿರುಗಿಸಿದರು.

"ಇದು ಎನ್ನ ಮನೆಯ ಗಂಧ" ಅಂದರು.

ಲೋಟ ಕೊಟ್ಟೆ. ಎರಡು ಕೈಯಲ್ಲಿ ತೆಗೆದುಕೊಂಡು ಒಂದು ಗುಟುಕು ಕುಡಿದು, ಜಗಲಿಯ ಕಂಬಕ್ಕೆ ಒರಗಿ ಕೂತುಕೊಂಡರು. ಆಮೇಲೆ ಹೇಳಿದರು. ಅವರ ತಂದೆ ಜಪಾನಿನ ಒಂದು ಗುಡ್ಡದ ಊರಿನಲ್ಲಿ ದ್ರಾಕ್ಷಿ ಬೆಳೆಯುವವರು. ಕಪ್ಪು ದ್ರಾಕ್ಷಿ, ಇದೇ ವಾಸನೆಯದ್ದು. ಊರಿನವರೆಲ್ಲ ಅದರಿಂದ ಕೆಂಪು ಮದಿರೆ ಮಾಡುತ್ತಾರೆ. ತಂದೆ ಮಾತ್ರ ಹಣ್ಣನ್ನು ಮೆಲ್ಲಗೆ ಹಿಂಡಿ, ಸಿಪ್ಪೆಯನ್ನು ಕೂಡಲೇ ಬೇರೆ ಮಾಡಿ, ಬರೀ ರಸವನ್ನು ಹುಳಿ ಬರಿಸುತ್ತಾರೆ. ತಾಯಿಗೆ ಸಿಪ್ಪೆಯ ಒಗರು ಆಗುತ್ತಿರಲಿಲ್ಲವಂತೆ, ಅದಕ್ಕಾಗಿ ಶುರುಮಾಡಿದ್ದು. ಅದು ಬೆಳ್ಳಗೆ ಬರುತ್ತದೆ. ಕಪ್ಪು ದ್ರಾಕ್ಷಿಯಿಂದ ಬಿಳಿ ಮದಿರೆಯೇ ಅಂತ ಊರಿನವರು ಮೊದಲು ನಕ್ಕರಂತೆ; ನೀರು ಬೆರೆಸಿದ್ದಾನೆ ಅಂದವರೂ ಇದ್ದರಂತೆ.

ನಾನು ಕೇರುವ ಮೊರವನ್ನು ಕೆಳಗಿಟ್ಟೆ. "ಅವರಿಗೂ ನೀರು ಹಾಕಿದ್ದೀಯಾ ಅಂತ ಕೇಳಿದರಾ?"

"ಕೇಳಿದರು. ಬಣ್ಣವು ತೊಗಲಿನಲ್ಲಿ ಇರ್ಪುದು, ರಸದಲ್ಲಿ ಅಲ್ಲ" ಅಂದರು.

ಅಷ್ಟು ಹೊತ್ತಿಗೆ ನನಗೆ ನನ್ನ ನೇರಳೆ ಕೈ ನೆನಪಾಯಿತು, ದನದ ಮೂತಿ ನೆನಪಾಯಿತು. ಎಷ್ಟು ಸುಲಭದ ವಿಷಯ, ಎದುರಿಗೇ ಇತ್ತು, ಹೊಳೆದಿರಲಿಲ್ಲ. ಸಮುದ್ರದ ಆಚೆ ಒಬ್ಬ ಮುದುಕ ಹೆಂಡತಿಗೋಸ್ಕರ ಮಾಡುವುದನ್ನು ನಾನು ಬಾಣಂತಿಯರಿಗೋಸ್ಕರ ಮಾಡಿಟ್ಟಿದ್ದೆ. ಆ ಮನುಷ್ಯನ ಎದುರು ನನಗೆ ಅಳು ಬಂತು. ಅವರು ಗಾಬರಿಯಾಗಿ ಎದ್ದು ನಿಂತರು.

ಮಾವ ಬಂದ ಮೇಲೆ ಇಬ್ಬರೂ ಸೇರಿ ಹೇಳಿದೆವು. ಮಾವ ಕೇಳಿಕೊಂಡರು. "ಸಿಪ್ಪೆ ತೆಗೆದೆಯಾ?" ಅಂತ ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಜಪಾನಿನವರಿಗೆ ಕೈ ಮುಗಿದು, "ನೀವು ಹೇಳಿದ್ದು ಸುಳ್ಳು ಅನ್ನುವುದಿಲ್ಲ. ಆದರೆ ಕಣ್ಣಲ್ಲಿ ಕಾಣದ್ದನ್ನು ನಂಬಿ ನಾನು ಬಾಣಂತಿಗೆ ಮದ್ದು ಕೊಡಲಾರೆ" ಅಂದರು. ನಾಲಿಗೆ ಉಂಟಲ್ಲ, ಕುಡಿದು ನೋಡಬಾರದಾ ಅಂತ ನಾನು ಬಾಯಿ ತೆರೆಯುವುದರೊಳಗೆ ಎದ್ದು ಒಳಗೆ ಹೋದರು. ಜಪಾನಿನವರು ಮೆಲ್ಲಗೆ ಹೇಳಿದರು, ಮರುವರ್ಷ ಓಲೆ ಮುಗಿಸಲಿಕ್ಕೆ ಬರುತ್ತೇನೆ, ತಂದೆಯದ್ದನ್ನು ತರುತ್ತೇನೆ, ಕಣ್ಣಲ್ಲೇ ನೋಡಲಿ.

ಮರುವರ್ಷ! ನಲವತ್ತೊಂದು ದಿನಕ್ಕೆ ಸಾಯುವ ಹಾಗೆ ಮಾಡಿದವಳು ನಾನು.

ಮಾವ ಮದ್ದಿನ ಕೋಣೆಗೆ ಬೀಗ ಹಾಕಿದರು. ಬಂದವರನ್ನು ಜಗಲಿಯಿಂದಲೇ ಕಳಿಸಿದರು. ಸಿದ್ದಕಟ್ಟೆಯಿಂದ, ವೇಣೂರಿನಿಂದ ನಡೆದು ಬಂದ ಹೆಂಗಸರು ಖಾಲಿ ಬಾಟಲಿ ಸೆರಗಿನಲ್ಲಿ ಸುತ್ತಿಕೊಂಡು ವಾಪಸು ಹೋಗುವಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದೆ. ಮಳೆ ಹಿಡಿಯುವ ಮೊದಲು ಮೆಲ್ಕಾರಿನವರು ವ್ಯಾನು ತಂದರು. ನಾನು ಮದ್ದಿನ ಕೋಣೆಯ ಹೊಸ್ತಿಲಲ್ಲೇ ಮಗಳಿಗೆ ತಲೆ ಬಾಚುತ್ತಾ ಕೂತೆ. "ಭರಣಿ ತುಂಬಿದ್ದು ಉಂಟು, ಖಾಲಿ ಮಾಡದೆ ಹೇಗೆ ಕೊಡುವುದು" ಅಂದೆ. ಆಶ್ಚರ್ಯವೆಂದರೆ ಮಾವ ಅಡ್ಡ ಬರಲಿಲ್ಲ. ದೀಪಾವಳಿಗೆ ಮೆಲ್ಕಾರಿನವರು ಮತ್ತೆ ಬಂದರು. "ಧನುರ್ಮಾಸ ಕಳೆಯಲಿ" ಅಂದೆ. "ನಿಮ್ಮ ಸೊಸೆಗೆ ಉಪ್ಪಿನಕಾಯಿ ವ್ಯಾಪಾರದ ಆಸೆ ಹುಟ್ಟಿದ ಹಾಗೆ ಕಾಣ್ತದೆ" ಅಂತ ಅವರು ಮಾವನಿಗೆ ತಮಾಷೆ ಮಾಡಿ, ಸಂಕ್ರಾಂತಿಯ ಮರುದಿನ ಬರುವುದು, ಈ ಸಲ ತಪ್ಪಿಸುವ ಹಾಗಿಲ್ಲ ಅಂತ ಹೇಳಿ ಹೋದರು.

ಆಮೇಲಿನ ದಿನಗಳಲ್ಲಿ ಜಪಾನಿನವರು ಇದ್ದ ಬೀದಿಯ ಕೊನೆಯ ಆ ಕೋಣೆಯ ಕಿಟಕಿ ತೆರೆದಿದೆಯಾ ಅಂತ ನೋಡಲಿಕ್ಕೆ ದಿನಕ್ಕೆ ನಾಲ್ಕು ಸಲ ಹೋದೆ. ಉಪ್ಪು ಮುಗಿಯಿತು ಅಂತ ಹೋದೆ, ಮುಗಿಯದ ಉಪ್ಪಿಗೂ ಹೋದೆ. ರಾತ್ರಿ ಗಂಡ ಕೇಳಿದರು, ಅಷ್ಟು ದೂರದಿಂದ ಒಬ್ಬ ಮನುಷ್ಯ ನಿನ್ನ ಭರಣಿ ನೆನಪಿಟ್ಟುಕೊಂಡು ಬರ್ತಾನಾ? ಬರುವುದಿಲ್ಲ ಅಂತ ನನಗೂ ಅನ್ನಿಸಲಿಕ್ಕೆ ಶುರುವಾಗಿತ್ತು.

ಸಂಕ್ರಾಂತಿಗೆ ಮೂರು ದಿನ ಇರುವಾಗ ಜಪಾನಿನವರು ಬಂದರು. ಮಧ್ಯಾಹ್ನ ಊಟದ ಹೊತ್ತು ಕಳೆದಿತ್ತು. ಕೈಯಲ್ಲಿ ಹೂವಿನ ಬಟ್ಟೆಯಲ್ಲಿ ಗಂಟು ಕಟ್ಟಿದ ಒಂದು ಬಾಟಲಿ. ಬಸದಿಯವರ ಜೊತೆ ಇದ್ದು ನಮ್ಮ ಕ್ರಮ ಗೊತ್ತಿದ್ದವರು, ಮೆಟ್ಟಿಲ ಕೆಳಗೇ ನಿಂತು, "ಇದು ನಮ್ಮಲ್ಲಿ ಮದಿರೆ. ನಿಮ್ಮಲ್ಲಿ ಆಸವ ಎಂದು ತಿಳಿಯಬೇಕು" ಅಂದರು. ನಮ್ಮ ಮನೆಯಲ್ಲಿ ಹೆಂಡದ ಹೆಸರು ಕೇಳಿದರೆ ಬಾಯಿ ಮುಕ್ಕಳಿಸುವವರು. ಆಸವದಲ್ಲಿ ಇರುವುದೇನು ಅಂತ ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಮಾವ ನಕ್ಕರು. "ಜಗಲಿಯವರೆಗೆ ಬರಲಿ" ಅಂದರು.

ಅವರು ಮೊದಲು ಒಂದು ಫೋಟೋ ತೆಗೆದು ಮಾವನ ಕೈಯಲ್ಲಿಟ್ಟರು. ಬಣ್ಣದ ಫೋಟೋ. ಹುಲ್ಲಿನ ಟೊಪ್ಪಿ ಇಟ್ಟ ಒಬ್ಬ ಮುದುಕರು, ಒಂದು ಕೈಯಲ್ಲಿ ಕಪ್ಪು ದ್ರಾಕ್ಷಿಯ ಗೊಂಚಲು, ಇನ್ನೊಂದರಲ್ಲಿ ಗಂಜಿತಿಳಿಯ ಬಣ್ಣದ ಬಾಟಲಿ. ಆಮೇಲೆ ಬಾಟಲಿಯ ಗಂಟು ಬಿಚ್ಚಿದರು. ನಾನು ಎರಡು ಬಿಳಿ ಬಟ್ಟಲು ತಂದೆ. ಮಾವ ಬೀಗ ತೆಗೆದುಕೊಟ್ಟರು. ನನ್ನ ಭರಣಿಯಿಂದ ಒಂದಕ್ಕೆ ಬಗ್ಗಿಸಿದೆ. ಇನ್ನೊಂದಕ್ಕೆ ಜಪಾನಿನವರು ಬಗ್ಗಿಸಿದರು. ಎರಡನ್ನೂ ಜಗಲಿಯ ದಂಡೆಯಲ್ಲಿ ಬಿಸಿಲಿಗೆ ಇಟ್ಟೆವು. ಬಣ್ಣ ಒಂದೇ.

ಮಾವ ತುಂಬಾ ಹೊತ್ತು ನೋಡಿದರು. "ನೀರು ಹಾಕಲಿಲ್ಲ ನೀನು" ಅಂದರು. ಆ ಮಾತಿಗೆ ನಾನು ಒಂಬತ್ತು ತಿಂಗಳು ಕಾದಿದ್ದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಸುಮ್ಮನಿರುವ ಜಾತಿ ಅಲ್ಲವಲ್ಲ ನನ್ನದು.

"ಇವತ್ತಾದರೂ ಕುಡಿದು ಹೇಳಿ" ಅಂದೆ. "ಎರಡರಲ್ಲಿ ಯಾವುದು ಲಾಯ್ಕು?"

ಜಪಾನಿನವರೂ ಕೈಯಿಂದ ದಯಮಾಡಿ ಅನ್ನುವ ಹಾಗೆ ತೋರಿಸಿದರು. ಮಾವ ಒಂದು ಬಟ್ಟಲು ಎತ್ತಿ ಗುಟುಕು ಕುಡಿದರು. ಕೆಳಗಿಟ್ಟು ಇನ್ನೊಂದು ಎತ್ತಿದರು. ಕುಡಿದರು. ನಮ್ಮಿಬ್ಬರ ಮುಖ ನೋಡಿದರು, ಮದ್ದು ಕೊಟ್ಟು ರೋಗಿಯ ಮುಖ ನೋಡುವ ಹಾಗೆ.

"ಎರಡೂ ಒಂದೇ ಅಲ್ವಾ?" ಅಂದರು.

ಬಗ್ಗಿಸುವಾಗಲೇ ನಾನು ಎರಡನ್ನೂ ರುಚಿ ನೋಡಿಯಾಗಿತ್ತು. ನನ್ನದು ಜೇನಿನ ಸಿಹಿ, ಕುಡಿದು ಸ್ವಲ್ಪ ಹೊತ್ತಾದರೂ ಲವಂಗ, ಏಲಕ್ಕಿ ಬಾಯಿ ಬಿಡದು. ಅವರದ್ದು ತೆಳು, ಸ್ವಲ್ಪ ಹುಳಿ, ಬರೀ ದ್ರಾಕ್ಷಿ. ನನ್ನ ಮಗಳಿಗೆ ಕೊಟ್ಟರೂ ಬೇರೆ ಬೇರೆ ಅನ್ನುತ್ತಿದ್ದಳು. ತಮಾಷೆ ಮಾಡ್ತಾ ಇದ್ದಾರಾ ಅಂತ ಮಾವನ ಮುಖ ನೋಡಿದೆ. ತಮಾಷೆ ಇರಲಿಲ್ಲ. ನನಗೆ ತಳ ಹಿಡಿದ ಹಾಲು ನೆನಪಾಯಿತು. ಎರಡು ಸಲ ಉಪ್ಪು ಬಿದ್ದ ಸಾರು. ಪ್ರತಿಯೊಬ್ಬ ರೋಗಿಗೂ ಬಿಡದೆ ಕೇಳುವ "ಹೇಗುಂಟು?" ಜಪಾನಿನವರು ಬೀದಿಯ ಕಡೆ ತಿರುಗಿ ಕೂತರು. ಅವರಿಗೂ ಗೊತ್ತಾಗಿತ್ತು.

ಅವರು ಹೋದ ಮೇಲೆ ಮಾವ ತಾವಾಗಿ ಹೇಳಿದರು. "ನಿನ್ನ ಮದುವೆಗೆ ಮೊದಲು ನನಗೆ ಒಂದು ದೊಡ್ಡ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಮೂಗು ನಾಲಿಗೆ ಎರಡೂ ಹೋಯಿತು. ಉಪ್ಪೂ ಒಂದೇ ಸಕ್ಕರೆಯೂ ಒಂದೇ. ಯಾರಿಗೂ ಹೇಳಲಿಲ್ಲ. ಪಂಡಿತನಿಗೆ ನಾಲಿಗೆ ಇಲ್ಲ ಅಂದರೆ ಯಾರು ಬರ್ತಾರೆ? ಬಣ್ಣ ನೋಡಿ ಮಾಡಿದೆ ಇಷ್ಟು ವರ್ಷ. ಹೆದರಿಕೆ ಹೆಚ್ಚಾಯಿತು, ಮುಚ್ಚುವ ಅಂದುಕೊಂಡೆ." ದಂಡೆಯಲ್ಲಿದ್ದ ಬಟ್ಟಲನ್ನು ಎತ್ತಿ ವಾಲಿಸುತ್ತಾ ಹೇಳಿದರು, "ನನಗೆ ಉಳಿದದ್ದು ಅದೊಂದು ಬಣ್ಣ. ನೀನು ಅದನ್ನೇ ತೆಗೆದು ದನಕ್ಕೆ ಹಾಕಿದೆ."

ನಾನು ಹೆಂಗಸೆಂದು ಕೋಣೆ ಕೊಡುವುದಿಲ್ಲ ಅಂತ ಹತ್ತು ತಿಂಗಳು ಆ ಮನುಷ್ಯನನ್ನು ಒಳಗೊಳಗೇ ಬೈದಿದ್ದೆ. ನಾಚಿಕೆಯಾಯಿತು. "ಬನ್ನಿ, ಎಲ್ಲ ಭರಣಿ ನೋಡುವ" ಅಂದೆ.

ಅವರು ಮುಚ್ಚಳ ತೆಗೆದರು, ನಾನು ಚಮಚದಲ್ಲಿ ರುಚಿ ನೋಡಿದೆ. ಮೊದಲನೆಯದ್ದು ಸರಿ. ಎರಡನೆಯದ್ದು ಸರಿ. ಪ್ರತಿ ಸಲ ಅವರು ನನ್ನ ಮುಖ ನೋಡಿ "ಹೇಗುಂಟು?" ಅನ್ನುತ್ತಿದ್ದರು. ಐದನೆಯದ್ದು, ಕೋಣೆ ಮುಚ್ಚುವ ಮೊದಲು ಬಾಣಂತಿಯರಿಗೆ ಕೊಡುತ್ತಿದ್ದ ಭರಣಿ. ಮುಚ್ಚಳ ತೆಗೆದ ಕೂಡಲೇ ನನ್ನ ಮೂಗು ಸುಟ್ಟಿತು. ಬಣ್ಣ ಎಲ್ಲದಕ್ಕಿಂತ ಚಂದ, ಕಪ್ಪು ಕೆಂಪು, ಬಟ್ಟಲಿನ ತಳ ಕಾಣದ ಹಾಗೆ. ನಾಲಿಗೆಗೆ ತಾಗಿಸಿದೆ. ಪೂರ್ತಿ ಹುಳಿದು ಹೋಗಿತ್ತು.

"ಹೇಗುಂಟು?"

ಬಾಯಿಗೆ ಬಂದದ್ದನ್ನು ಹೇಳುವವಳು ಅಂತ ಎರಡು ಊರಿನಲ್ಲಿ ಹೆಸರು ತೆಗೆದುಕೊಂಡವಳಿಗೆ ನಾಲ್ಕು ಅಕ್ಷರ ಹೊರಡಲಿಲ್ಲ. ಸರಿಯುಂಟು ಅಂದು ನಾಳೆ ಗುಟ್ಟಿನಲ್ಲಿ ಚೆಲ್ಲಿಬಿಡುವ ಅಂತಲೂ ಯೋಚನೆ ಬಂತು. ಆದರೆ ಅವರು ಕಾಯುತ್ತಾ ಇದ್ದರು, ಬಟ್ಟಲು ಹಿಡಿದುಕೊಂಡು.

"ಹುಳಿದಿದೆ ಮಾವ. ಕೊಡುವ ಹಾಗಿಲ್ಲ."

ಅವರು ತಲೆ ಆಡಿಸಿದರು. "ಬೀಗ ಹಾಕುವ ಮೊದಲು ಒಬ್ಬ ಬಾಣಂತಿಯ ತಾಯಿ ಇದರದ್ದೇ ಅರ್ಧ ಬಾಟಲಿ ವಾಪಸು ತಂದು ಜಗಲಿಯಲ್ಲಿಟ್ಟು ಏನೂ ಹೇಳದೆ ಹೋದಳು. ಮಗಳಿಗೆ ಗುಣವಾಗಿರಬೇಕು ಅಂದುಕೊಂಡೆ ನಾನು" ಅಂದರು.

ಇಬ್ಬರೂ ಸೇರಿ ಭರಣಿಯಲ್ಲಿದ್ದದ್ದನ್ನು ಬಕೆಟಿನಲ್ಲಿ ಹೊತ್ತು ಹಿತ್ತಿಲಲ್ಲಿ ಚೆಲ್ಲಿದೆವು. ಅವರು ಪಂಚೆ ಎತ್ತಿ ಕಟ್ಟಿ ಭರಣಿ ತೊಳೆಯಲಿಕ್ಕೂ ನಿಂತರು. ಬೀಗದ ಕೈ ಕೋಣೆಯ ಬಾಗಿಲಲ್ಲೇ ಇತ್ತು. ಅವರು ಅದನ್ನು ತೆಗೆಯಲಿಲ್ಲ. ಸಂಕ್ರಾಂತಿಯ ಮರುದಿನ ಮೆಲ್ಕಾರಿನವರು ಬಂದಾಗ ಮಾವ ಕುರ್ಚಿಯಿಂದ ಏಳದೆ, "ಅದು ನನ್ನದಲ್ಲ ಈಗ, ಒಳಗೆ ಕೇಳಿ" ಅಂದರು. ನಾನು ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಎಂಬತ್ತರ ದಶಕದ ಮುಕ್ಕಾಲು ಭಾಗ ಅವರು ಜಗಲಿಯಲ್ಲಿ ಕೂತು ನಾಡಿ ನೋಡಿದರು, ನಾನು ಒಳಗೆ ಮದ್ದು ಮಾಡಿದೆ. ಬಿಳಿ ಆಸವವನ್ನು ಬಾಣಂತಿಯರು ಮೊದಮೊದಲು ಅನುಮಾನದಿಂದ ಒಯ್ದರು, ಆಮೇಲೆ ಅದನ್ನೇ ಕೇಳಿ ಬಂದರು. ಪ್ರತಿ ಭರಣಿ ತೆರೆಯುವಾಗ ಮಾವ ಬಂದು ನಿಲ್ಲುತ್ತಿದ್ದರು. ನಾನು ರುಚಿ ನೋಡುವುದು, ಅವರು ಹೇಗುಂಟು ಅನ್ನುವುದು, ನಾನು ಇದ್ದದ್ದು ಹೇಳುವುದು. ಒಮ್ಮೆಯೂ ಸುಳ್ಳು ಹೇಳಲಿಲ್ಲ. ಹುಳಿದದ್ದನ್ನು ಹುಳಿದಿದೆ ಅಂದೆ, ನನ್ನ ಕೈಯಿಂದಲೇ ಕೆಟ್ಟದ್ದನ್ನು ಕೆಟ್ಟಿದೆ ಅಂದೆ.

ಒಂದು ಮಳೆಗಾಲ ಅವರು ಹಾಸಿಗೆ ಹಿಡಿದರು. ಊಟ ಸೇರುತ್ತಿರಲಿಲ್ಲ. ನಾನು ಬಿಳಿ ಬಟ್ಟಲಿನಲ್ಲಿ ಆಸವ ತೆಗೆದುಕೊಂಡು ಹೋಗಿ ಎರಡು ಚಮಚ ಕುಡಿಸಿದೆ. ಅಭ್ಯಾಸಬಲ, ಈ ಸಲ ನಾನೇ ಕೇಳಿಬಿಟ್ಟೆ, "ಹೇಗುಂಟು ಮಾವ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕಣ್ಣು ತೆರೆದು, ಕುತ್ತಿಗೆ ಸ್ವಲ್ಪ ಎತ್ತಿ, ಬಟ್ಟಲಿನೊಳಗೆ ನೋಡಿದರು.

"ಬೆಳ್ಳಗೆ ಉಂಟು" ಅಂದರು. "ಲಾಯ್ಕುಂಟು."